ಲಕ್ಷ ರೂಪಾಯಿಯ ಲ್ಯಾಪ್‌ಟಾಪ್: ತುಮಕೂರಿನಲ್ಲಿದ್ದುಕೊಂಡು ಯಾವುದನ್ನು ಆರಿಸಬೇಕು?

ಹೋದ ವರ್ಷ ನಮ್ಮಕ್ಕನ ಲ್ಯಾಪ್‌ಟಾಪ್ ತಿಂಗಳ 18ನೇ ತಾರೀಕು ಕೈಕೊಟ್ಟಿತು. ಅಕ್ಕ ತುಮಕೂರಿನ ಎಸ್.ಎಸ್. ಪುರಂನಲ್ಲಿ ಅಂಗಡಿ, ಸಣ್ಣ ಕಂಪನಿಗಳ ತೆರಿಗೆ ಲೆಕ್ಕ ನೋಡಿಕೊಳ್ಳುತ್ತಾಳೆ. ಜಿಎಸ್‌ಟಿ ರಿಟರ್ನ್‌ಗೆ 20ನೇ ತಾರೀಕು ಗಡುವು. ಆ ಎರಡು ದಿನ ಪಕ್ಕದ ಆಫೀಸಿನವರ ಕಂಪ್ಯೂಟರ್ ಕೇಳಿಕೊಂಡು, ರಾತ್ರಿ ಹನ್ನೊಂದರವರೆಗೆ ಕೂತು ಕೆಲಸ ಮುಗಿಸಿದಳು. ಮಾರನೇ ದಿನ ನನಗೆ ಫೋನ್ ಮಾಡಿ, "ಈ ಸಲ ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ ಕಣೋ. ಒಂದು ಲಕ್ಷದ್ದೇ ತಗೊಳ್ಳೋಣ. ಯಾವುದು ಒಳ್ಳೇದು ಹೇಳು" ಅಂದಳು.

ನಾನು ಸಾಫ್ಟ್‌ವೇರ್ ಕೆಲಸದವನು. ವಾರಕ್ಕೆ ಮೂರು ದಿನ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತೇನೆ. ಹಿಂದಿನ ಕಂಪನಿಯಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಕೊಟ್ಟಿದ್ದರು. ಈಗ ಸ್ವಂತಕ್ಕೆ ಆಪಲ್ ಮ್ಯಾಕ್‌ಬುಕ್ ಏರ್ ಇದೆ. ಗೆಳೆಯನ ಡೆಲ್ ಎಕ್ಸ್‌ಪಿಎಸ್ 13 ಅನ್ನು ಒಂದು ವಾರ ಇಟ್ಟುಕೊಂಡು ಕೆಲಸ ಮಾಡಿದ್ದೇನೆ. ಇಷ್ಟಿದ್ದರೂ ಅಕ್ಕನಿಗೆ ಆ ಕ್ಷಣ ಉತ್ತರ ಹೇಳಲು ಆಗಲಿಲ್ಲ. ನನಗೆ ಒಳ್ಳೆಯದು ಅವಳಿಗೆ ಒಳ್ಳೆಯದಾಗಬೇಕು ಅಂತೇನಿಲ್ಲ, ಅಲ್ವಾ? ಒಂದು ತಿಂಗಳು ಇಬ್ಬರೂ ಕೂತು ನೋಡಿದ ಮೇಲೆ ನಮಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಲ್ಯಾಪ್‌ಟಾಪಿಗೆ ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದು ಕಮ್ಮಿ ತೂಕ, ಒಳ್ಳೆಯ ಬ್ಯಾಟರಿ, ಚೆಂದದ ಪರದೆ, ಗಟ್ಟಿಯಾದ ಮೈ. ರಿಪೇರಿ ಸುಲಭವಾಗುವುದಿಲ್ಲ. ಪೋರ್ಟ್, ಅಂದರೆ ಪೆನ್‌ಡ್ರೈವ್, ಕೇಬಲ್ ಚುಚ್ಚುವ ಜಾಗ, ಹೆಚ್ಚಾಗುವುದಿಲ್ಲ, ಎಷ್ಟೋ ಸಲ ಕಮ್ಮಿಯೇ ಆಗುತ್ತದೆ. ಬೆಂಗಳೂರಿನ ಮಧ್ಯದಲ್ಲಿ ಇರುವವರಿಗೆ ಇದು ದೊಡ್ಡ ವಿಷಯವಲ್ಲ. 70 ಕಿಲೋಮೀಟರ್ ಆಚೆ ಇರುವ ನಮಗೆ ದೊಡ್ಡ ವಿಷಯ.

ಮ್ಯಾಕ್‌ಬುಕ್ ಏರ್

2025ರ ಮಾರ್ಚ್‌ನಲ್ಲಿ ಎಂ4 ಚಿಪ್‌ನ 13 ಇಂಚಿನ ಏರ್ ಬಂದಾಗ ಅದರ ಬೆಲೆ 99,900 ರೂಪಾಯಿ ಇತ್ತು. 16 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್, ತೂಕ 1.24 ಕೆಜಿ. ಹಳೆಯ ಏರ್‌ಗಳು 8 ಜಿಬಿಯಿಂದ ಶುರುವಾಗುತ್ತಿದ್ದವು. ಈಗ 16 ಇರುವುದರಿಂದ ಕೆಳಗಿನ ಮಾದರಿಯನ್ನೇ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಇದರ ದೊಡ್ಡ ಗುಣ ಬ್ಯಾಟರಿ. ವಿಡಿಯೊ ನೋಡಿದರೆ 18 ಗಂಟೆವರೆಗೆ ಬರುತ್ತದೆ ಅಂತ ಆಪಲ್ ಹೇಳುತ್ತದೆ. ನನ್ನದು ಇದಕ್ಕಿಂತ ಹಳೆಯ ಎಂ2 ಮಾದರಿ. ಕೋಡ್ ಬರೆಯುತ್ತಾ, ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟುಕೊಂಡರೂ ಹತ್ತು ಗಂಟೆಗೆ ಮೋಸವಿಲ್ಲ. ಬೆಳಿಗ್ಗೆ ತುಮಕೂರು ಸ್ಟೇಷನ್‌ನಲ್ಲಿ ರೈಲು ಹತ್ತಿ, ಸಂಜೆ ವಾಪಸ್ ಕ್ಯಾತ್ಸಂದ್ರ ದಾಟುವಾಗಲೂ ಚಾರ್ಜ್ ಉಳಿದಿರುತ್ತದೆ. ಚಾರ್ಜರ್ ಮನೆಯಲ್ಲೇ ಬಿಟ್ಟು ಹೋಗುವ ನೆಮ್ಮದಿ ಮೂರರಲ್ಲಿ ಇದೊಂದರಲ್ಲೇ ನನಗೆ ಸಿಕ್ಕಿದ್ದು. ಮುಚ್ಚಿಟ್ಟು ಎರಡು ದಿನ ಬಿಟ್ಟು ತೆಗೆದರೂ ಬ್ಯಾಟರಿ ಹೆಚ್ಚೇನೂ ಇಳಿದಿರುವುದಿಲ್ಲ.

ಇದರಲ್ಲಿ ಫ್ಯಾನ್ ಇಲ್ಲ. ರೈಲಿನ ಸೀಟಿನಲ್ಲಿ ಕೂತು ತೊಡೆ ಮೇಲೆ ಇಟ್ಟುಕೊಂಡಾಗ ಕೆಳಗಿನಿಂದ ಬಿಸಿಗಾಳಿ ಬರುವುದಿಲ್ಲ, ಸದ್ದಿಲ್ಲ. ಒಳಗೆ ದೂಳು ಎಳೆದುಕೊಳ್ಳುವುದೂ ಇಲ್ಲ. ಸ್ಮಾರ್ಟ್ ಸಿಟಿ ಕಾಮಗಾರಿಗೆ ರಸ್ತೆ ಅಗೆದಿದ್ದ ಕಾಲದಲ್ಲಿ ನಮ್ಮ ಮನೆ ಕಿಟಕಿಯ ಮೇಲೆ ದಿನಾ ಬೆರಳಲ್ಲಿ ಹೆಸರು ಬರೆಯುವಷ್ಟು ದೂಳು ಕೂರುತ್ತಿತ್ತು. ಆಗ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನ ಫ್ಯಾನ್ ಬಿಚ್ಚಿದಾಗ ಅದರ ಬಾಯಿಗೆ ಬೂದು ಬಣ್ಣದ ಕಂಬಳಿಯಂಥ ಪದರ ಅಂಟಿತ್ತು. ಹಾಗಾಗಿ ಫ್ಯಾನ್ ಇಲ್ಲದಿರುವುದು ನಮ್ಮ ಕಡೆ ಸಣ್ಣ ಲಾಭವಲ್ಲ.

ಆದರೆ ಅದೇ ಕಾರಣಕ್ಕೆ ಒಂದು ಕೊರತೆಯೂ ಇದೆ. ಭಾರಿ ಕೆಲಸ ಅರ್ಧ ಗಂಟೆ ಬಿಡದೆ ನಡೆದರೆ ಚಿಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸುತ್ತಲಿನ ಬಿಸಿ 10ರಿಂದ 35 ಡಿಗ್ರಿ ಇರುವ ಕಡೆ ಬಳಸಿ ಅಂತ ಆಪಲ್ ತಾನೇ ಬರೆದಿದೆ. ಏಪ್ರಿಲ್ ಮಧ್ಯಾಹ್ನ ತುಮಕೂರಿನಲ್ಲಿ, ಅದರಲ್ಲೂ ಶಿರಾ, ಪಾವಗಡದ ಕಡೆ, ಆ 35 ಸಲೀಸಾಗಿ ದಾಟುತ್ತದೆ. ಮದುವೆ ವಿಡಿಯೊ ಎಡಿಟ್ ಮಾಡುವವರು, ಗಂಟೆಗಟ್ಟಲೆ ಎಕ್ಸ್‌ಪೋರ್ಟ್ ಹಾಕುವವರು ಏರ್ ಬಿಟ್ಟು ಫ್ಯಾನ್ ಇರುವ ಮ್ಯಾಕ್‌ಬುಕ್ ಪ್ರೊ ನೋಡಬೇಕು. ಬರೆಯುವ, ಓದುವ, ಕೋಡ್ ಮಾಡುವ, ಫೋಟೊ ತಿದ್ದುವ ನಮ್ಮಂಥವರಿಗೆ ಇದು ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಸ್ಟೋರೇಜ್ ವಿಷಯದಲ್ಲಿ ಮಾತ್ರ ನನಗೆ ಬೇಸರವಿದೆ. ಆ ಎಂ4 ಮಾದರಿಯಲ್ಲಿ 256ರಿಂದ 512 ಜಿಬಿಗೆ ಹೋಗಲು 20,000 ರೂಪಾಯಿ ಜಾಸ್ತಿ ಇತ್ತು. ಆಮೇಲೆ ಹಾಕಿಸಿಕೊಳ್ಳೋಣ ಅಂದರೆ ಆಗದು. ಮೆಮೊರಿ, ಸ್ಟೋರೇಜ್ ಎರಡೂ ಬೋರ್ಡಿಗೇ ಬೆಸುಗೆ ಆಗಿರುತ್ತವೆ. ಬೋರ್ಡ್ ಹೋದರೆ ಅದರ ಜೊತೆ ನಿಮ್ಮ ಫೈಲ್‌ಗಳೂ ಹೋದ ಹಾಗೆ. ಮ್ಯಾಕ್ ತೆಗೆದುಕೊಳ್ಳುವವರು ಅದೇ ದಿನ ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕ್ ಕೂಡ ತೆಗೆದುಕೊಳ್ಳಿ. ಮುಂದಿನ ತಿಂಗಳು ನೋಡೋಣ ಅನ್ನಬೇಡಿ.

ಇನ್ನೊಂದು ವಿಷಯ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಎರಡು ಪಿನ್ನಿನ ಚಾರ್ಜರ್ ಹಾಕಿಕೊಂಡು, ಬರಿಗಾಲಲ್ಲಿ ನೆಲಕ್ಕೆ ಕಾಲು ತಾಗಿಸಿ ಕೂತು, ಅಲ್ಯೂಮಿನಿಯಂ ಮೈ ಮೇಲೆ ಬೆರಳು ಸವರಿ ನೋಡಿ. ಸಣ್ಣಗೆ ಜುಮ್ ಅನ್ನುತ್ತದೆ. ಮೊದಲ ಸಲ ಅಮ್ಮ ಮುಟ್ಟಿ ಕೈ ಎಳೆದುಕೊಂಡಾಗ ನಾನು ಗಾಬರಿಯಾಗಿದ್ದೆ. ಲೋಹದ ಮೈ ಇರುವ ಯಾವ ಕಂಪನಿಯ ಲ್ಯಾಪ್‌ಟಾಪಿನಲ್ಲೂ ಇದು ಆಗಬಹುದು. ಅರ್ತಿಂಗ್ ಇಲ್ಲದ ಚಾರ್ಜರ್‌ನಲ್ಲಿ ತೀರಾ ಸಣ್ಣ ಪ್ರಮಾಣದ ಕರೆಂಟ್ ಮೈಗೆ ಬರುವುದರಿಂದ ಹೀಗಾಗುತ್ತದೆ. ಅರ್ತ್ ಇರುವ ಮೂರು ಪಿನ್ನಿನ ವೈರ್ ಹಾಕಿದರೆ ನಿಲ್ಲುತ್ತದೆ, ಆದರೆ ಗೋಡೆಯ ಸಾಕೆಟ್‌ಗೆ ನಿಜವಾಗಿ ಅರ್ತಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತದೆ, ಅರ್ತಿಂಗ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ. ಲ್ಯಾಪ್‌ಟಾಪಿಗಿಂತ ಮನೆಯವರ ಸುರಕ್ಷತೆಗೆ ಅದು ಬೇಕು.

ಅಕ್ಕನಿಗೆ ಮ್ಯಾಕ್ ಯಾಕೆ ಆಗಲಿಲ್ಲ

ಪರದೆ ನೋಡಿ ಅಕ್ಕನಿಗೆ ಮ್ಯಾಕ್ ಬಹಳ ಇಷ್ಟವಾಗಿತ್ತು. ಒಂದು ಭಾನುವಾರ ನನ್ನದನ್ನೇ ಅವಳ ಆಫೀಸಿಗೆ ಒಯ್ದೆವು. "ನಾಳೆ ನೀನು ಮಾಡೋ ಕೆಲಸವನ್ನೆಲ್ಲ ಇವತ್ತೇ ಇದ್ರಲ್ಲಿ ಮಾಡಿ ನೋಡಕ್ಕ" ಅಂದೆ. ಅರ್ಧ ಗಂಟೆಯೊಳಗೆ ವಿಷಯ ಇತ್ಯರ್ಥವಾಯಿತು.

ಮೊದಲು ಟ್ಯಾಲಿ. ಲೆಕ್ಕ ಬರೆಯುವ ಟ್ಯಾಲಿ ಪ್ರೈಮ್ ವಿಂಡೋಸ್‌ಗೆ ಮಾಡಿದ ತಂತ್ರಾಂಶ. ಆಮೇಲೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಟೋಕನ್. ಕಂಪನಿಗಳ ರಿಟರ್ನ್ ಸಲ್ಲಿಸಲು ಈ ಪುಟ್ಟ ಕಡ್ಡಿ ಚುಚ್ಚಲೇಬೇಕು. ಅದು ಹಳೆಯ ಚಪ್ಪಟೆ ಯುಎಸ್‌ಬಿಯದು, ಏರ್‌ನಲ್ಲಿ ಇರುವುದು ಎರಡು ಟೈಪ್-ಸಿ ಮಾತ್ರ. ಅಡಾಪ್ಟರ್ ಹಾಕಿದೆವು. ಅವಳ ಡ್ರಾಯರ್‌ನಲ್ಲಿ ಬೇರೆ ಬೇರೆ ಗ್ರಾಹಕರ ಏಳು ಟೋಕನ್ ಇದ್ದವು, ಒಂದೊಂದೂ ಒಂದೊಂದು ಕಂಪನಿಯದು. ಕೆಲವಕ್ಕೆ ಮ್ಯಾಕ್ ಡ್ರೈವರ್, ಅಂದರೆ ಟೋಕನ್ ಓಡಿಸುವ ಪುಟ್ಟ ತಂತ್ರಾಂಶ, ಸಿಗುತ್ತದೆ, ಕೆಲವಕ್ಕೆ ಪರದಾಡಬೇಕು. 20ನೇ ತಾರೀಕಿನ ರಾತ್ರಿ ಪರದಾಡುವ ಹಾಗಿಲ್ಲ.

ಕೊನೆಗೆ ಕನ್ನಡ. ನೋಟಿಸಿಗೆ ಉತ್ತರ, ಸಂಘಗಳ ಅರ್ಜಿ, ಎಲ್ಲವನ್ನೂ ಅಕ್ಕ ಕನ್ನಡದಲ್ಲಿ 'ನುಡಿ' ತಂತ್ರಾಂಶದಲ್ಲೇ ಟೈಪ್ ಮಾಡುತ್ತಾಳೆ. ಹದಿನೈದು ವರ್ಷದ ಅಭ್ಯಾಸ. "ಅಕ್ಕ" ಅಂತ ಬರೆಯಲು ಅವಳ ಬೆರಳು ಎ, ಕೆ, ಎಫ್, ಕೆ ಅಂತ ಓಡುತ್ತದೆ. ಎಫ್ ಒತ್ತಿದರೆ ಒತ್ತಕ್ಷರ ಬರಬೇಕು, ಅಷ್ಟೇ. ನುಡಿ ವಿಂಡೋಸ್‌ನಲ್ಲಿ ಓಡುವ ತಂತ್ರಾಂಶ. ಮ್ಯಾಕ್‌ನಲ್ಲಿ ಕನ್ನಡ ಇಲ್ಲ ಅಂತಲ್ಲ. ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ವಿನ್ಯಾಸ ಇದೆ, ಇಂಗ್ಲಿಷ್ ಕೀಲಿಯಿಂದ ಕನ್ನಡ ಬರೆಯುವ ಕ್ವರ್ಟಿ ವಿನ್ಯಾಸವೂ ಇದೆ, ಅಕ್ಷರಗಳು ಚೆನ್ನಾಗಿಯೇ ಕಾಣುತ್ತವೆ. ನಾನು ಅದರಲ್ಲೇ ಬರೆಯುತ್ತೇನೆ. ಆದರೆ ಕೈಗೆ ಕೂತ ವಿನ್ಯಾಸವನ್ನು ಐವತ್ತರ ಹತ್ತಿರದಲ್ಲಿ ಬದಲಿಸು ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. ಹಳೆಯ ನುಡಿ ಅಕ್ಷರದ ನೂರಾರು ಫೈಲ್‌ಗಳೂ ಇದ್ದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅವು ಬರೀ ಚಿಹ್ನೆಗಳಾಗಿ ಕಾಣುತ್ತವೆ.

ನೀವು ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿಯವರಾಗಲಿ, ವಕೀಲರಾಗಲಿ, ಪಂಚಾಯಿತಿ ಕೆಲಸದವರಾಗಲಿ, ಕೊಳ್ಳುವ ಮೊದಲು ಇದೇ ಪರೀಕ್ಷೆ ಮಾಡಿ. ಗೆಳೆಯರ ಮ್ಯಾಕ್ ಒಂದು ದಿನ ಕೇಳಿ ಪಡೆಯಿರಿ. ನಿಮ್ಮ ಪ್ರಿಂಟರ್, ಟೋಕನ್, ಪೆನ್‌ಡ್ರೈವ್, ನಿಮ್ಮ ಕನ್ನಡ, ಎಲ್ಲವನ್ನೂ ಹಾಕಿ ನೋಡಿ.

ಎಕ್ಸ್1 ಕಾರ್ಬನ್

2012ರಲ್ಲಿ ಮೊದಲು ಬಂದ ಸರಣಿ ಇದು. ಇದರ 13ನೇ ಜೆನರೇಶನ್ ಮಾದರಿ 1 ಕೆಜಿಗಿಂತ ಕಮ್ಮಿ ತೂಕದಿಂದ ಶುರುವಾಗುತ್ತದೆ, ಏರ್‌ಗಿಂತ ಹಗುರ. ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಮುಚ್ಚಳದಲ್ಲಿ ಕಾರ್ಬನ್ ಫೈಬರ್ ಇದೆ. ಮುಟ್ಟಿದರೆ ಲೋಹದ ತಣ್ಣನೆ ಇಲ್ಲ, ನವಿರಾದ ರಬ್ಬರಿನ ಹಾಗಿರುತ್ತದೆ. ಆದರೆ ಬೆರಳಿನ ಎಣ್ಣೆ ಗುರುತು ಬೇಗ ಕಾಣುತ್ತದೆ. ದಿನಾ ಒರೆಸಬೇಕು.

ಕೀಬೋರ್ಡ್ ಬಗ್ಗೆ ನನಗೆ ಎರಡು ಮಾತಿಲ್ಲ. ದಿನಕ್ಕೆ ಆರೇಳು ಗಂಟೆ ಟೈಪ್ ಮಾಡುವವರು ಒಮ್ಮೆ ಇದರ ಮೇಲೆ ಒಂದು ಪುಟ ಬರೆದು ನೋಡಿ. ಕೀ ಒತ್ತಿದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ನಡುವಿನ ಕೆಂಪು ಗುಂಡಿಯಿಂದ ಕೈ ಎತ್ತದೆ ಮೌಸ್ ಓಡಿಸಬಹುದು. ಮೊದಲ ವಾರ ಅದು ಅಡ್ಡ ಅನ್ನಿಸಿತು. ರೈಲು ಅಲುಗಾಡುವಾಗ ಟಚ್‌ಪ್ಯಾಡ್‌ನಲ್ಲಿ ಗುರಿ ತಪ್ಪುತ್ತಿದ್ದದ್ದು ಈ ಗುಂಡಿಯಲ್ಲಿ ತಪ್ಪಲಿಲ್ಲ, ಆಮೇಲೆ ಬಿಡಲಿಲ್ಲ. ಹೊಳಪಿಲ್ಲದ ಮ್ಯಾಟ್ ಪರದೆ ಕೂಡ ಇದರಲ್ಲಿ ಸಿಗುತ್ತದೆ. ಬೆಳಗಿನ ರೈಲಿನ ಕಿಟಕಿ ಬಿಸಿಲಿನಲ್ಲಿ ಮ್ಯಾಕ್ ಪರದೆಯ ಮೇಲೆ ನನ್ನ ಅಂಗಿಯ ಗೆರೆಗಳೇ ಕಾಣುತ್ತವೆ. ಇದರಲ್ಲಿ ಆ ಕಾಟ ಇರಲಿಲ್ಲ.

ಪೋರ್ಟ್‌ಗಳೂ ಧಾರಾಳ. ಎರಡು ಟೈಪ್-ಸಿ, ಎರಡು ಹಳೆಯ ಯುಎಸ್‌ಬಿ, ಎಚ್‌ಡಿಎಂಐ, ಇಯರ್‌ಫೋನ್ ತೂತು. ಝೆರಾಕ್ಸ್ ಅಂಗಡಿಯ ಪೆನ್‌ಡ್ರೈವ್, ಸಭಾಂಗಣದ ಪ್ರೊಜೆಕ್ಟರ್, ಅಕ್ಕನ ಟೋಕನ್, ಎಲ್ಲವೂ ಅಡಾಪ್ಟರ್ ಇಲ್ಲದೆ ಕೂರುತ್ತವೆ.

ಕೊರತೆಗಳು? ಬೆಲೆ ಏರ್‌ಗಿಂತ ಬಹಳ ಮೇಲೆ. ಸ್ಪೀಕರ್, ಟಚ್‌ಪ್ಯಾಡ್ ಎರಡೂ ಮ್ಯಾಕ್‌ನಷ್ಟು ಚೆನ್ನಾಗಿಲ್ಲ. ನನಗೆ ಸಿಕ್ಕಿದ್ದ ಹಳೆಯ ಮಾದರಿ ಆರು ಗಂಟೆಗೆ ಚಾರ್ಜರ್ ಕೇಳುತ್ತಿತ್ತು. ಹೊಸ ಇಂಟೆಲ್ ಚಿಪ್‌ನವು ಅದಕ್ಕಿಂತ ಚೆನ್ನಾಗಿವೆ. ಮೆಮೊರಿ ಇದರಲ್ಲೂ ಬೋರ್ಡಿಗೇ ಬೆಸುಗೆ, ಹಾಗಾಗಿ ಕೊಳ್ಳುವಾಗಲೇ ಬೇಕಾದಷ್ಟು ತೆಗೆದುಕೊಳ್ಳಬೇಕು. ಆದರೆ ಫೈಲ್‌ಗಳು ಕೂರುವ ಎಸ್‌ಎಸ್‌ಡಿಯನ್ನು ಸ್ಕ್ರೂ ಬಿಚ್ಚಿ ಬದಲಿಸಬಹುದು. ಬೋರ್ಡ್ ಕೆಟ್ಟರೂ ಎಸ್‌ಎಸ್‌ಡಿ ಎತ್ತಿಕೊಂಡು ಬೇರೆ ಕಡೆ ಹಾಕಿ ಫೈಲ್ ಉಳಿಸಿಕೊಳ್ಳಬಹುದು. ಎನ್‌ಕ್ರಿಪ್ಶನ್, ಅಂದರೆ ಫೈಲ್‌ಗಳಿಗೆ ಬೀಗ, ಹಾಕಿದ್ದರೆ ಅದನ್ನು ತೆಗೆಯುವ ರಿಕವರಿ ಕೀ ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ.

ಎಕ್ಸ್‌ಪಿಎಸ್ 13

ನೋಡಲು ಮೂರರಲ್ಲಿ ಇದೇ ಚೆಂದ. ಪರದೆ ಅಂಚಿನಿಂದ ಅಂಚಿಗೆ ತುಂಬಿದೆ, ತೂಕ 1.2 ಕೆಜಿ ಆಸುಪಾಸು. ಆದರೆ ಚೆಂದಕ್ಕೋಸ್ಕರ ಬಳಕೆಯನ್ನು ಬಿಟ್ಟುಕೊಟ್ಟಿದ್ದಾರೆ ಅಂತ ನನಗನ್ನಿಸಿತು. 2024ರ ಮಾದರಿಗಳಲ್ಲಿ ಮೇಲಿನ ಸಾಲಿನ ಕೀಗಳು ಕೀಗಳೇ ಅಲ್ಲ, ಬರೀ ಮುಟ್ಟುವ ಬೆಳಕು. ಎಸ್ಕೇಪ್ ಒತ್ತಿದೆನೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಟಚ್‌ಪ್ಯಾಡ್ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೆರೆಯಿಲ್ಲ. ಪೋರ್ಟ್ ಎರಡೇ, ಇಯರ್‌ಫೋನ್ ತೂತೂ ಇಲ್ಲ. ಒಂದು ವಾರದ ಕೊನೆಗೆ ಸಂತೋಷವಾಗಿಯೇ ಗೆಳೆಯನಿಗೆ ವಾಪಸ್ ಕೊಟ್ಟೆ.

ಇದನ್ನು ನೋಡುವವರು ಚಿಪ್ ಯಾವುದು ಅಂತ ಗಮನಿಸಿ. 2024ರ ಮಾದರಿಗಳಲ್ಲಿ ಇಂಟೆಲ್‌ನದೂ ಇತ್ತು, ಸ್ನಾಪ್‌ಡ್ರಾಗನ್‌ನದೂ ಇತ್ತು. ಸ್ನಾಪ್‌ಡ್ರಾಗನ್ ಇರುವುದರಲ್ಲಿ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಆದರೆ ಅದರಲ್ಲಿ ಓಡುವುದು ಆರ್ಮ್ ವಿಂಡೋಸ್, ಅಂದರೆ ಆರ್ಮ್ ಅನ್ನುವ ಬೇರೆ ಬಗೆಯ ಚಿಪ್‌ಗೆ ಮಾಡಿದ ವಿಂಡೋಸ್. ಸಾಮಾನ್ಯ ಪ್ರೋಗ್ರಾಂಗಳು ಹೇಗೋ ನಡೆಯುತ್ತವೆ. ಡ್ರೈವರ್‌ಗಳು ಹಾಗಲ್ಲ, ಆರ್ಮ್‌ಗೆ ಅಂತಲೇ ಬರೆದಿರಬೇಕು. ಹತ್ತು ವರ್ಷದ ಪ್ರಿಂಟರ್, ಹಳೆಯ ಟೋಕನ್ ಇರುವ ಆಫೀಸಿಗೆ ಇದು ಬೇಡ. ಬೇರೆ ಕಂಪನಿಗಳ ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪಿಗೂ ಇದೇ ಮಾತು.

ಕೆಟ್ಟ ದಿನದ ಲೆಕ್ಕ

ಇದನ್ನು ಹೇಳಲೇಬೇಕು ಅಂತಲೇ ಈ ಬರಹ ಶುರು ಮಾಡಿದ್ದು. ಮೂರು ವರ್ಷದ ಹಿಂದೆ ನನ್ನ ಹತ್ತಿರ ಬೇರೊಂದು ತೆಳ್ಳನೆಯ ದುಬಾರಿ ಲ್ಯಾಪ್‌ಟಾಪ್ ಇತ್ತು. ಒಂದು ಸಂಜೆ ರೈಲಿನಲ್ಲಿ ಕಡಲೆಕಾಯಿ ತಿನ್ನುತ್ತಾ ಕೆಲಸ ಮಾಡುತ್ತಿದ್ದೆ. ಊರು ಬಂತು ಅಂತ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದೆ. ಮನೆಯಲ್ಲಿ ತೆರೆದರೆ ಪರದೆಯ ಕೆಳಗಿನ ಮೂಲೆಯಿಂದ ಮೇಲಕ್ಕೆ ಕೂದಲಿನಂಥ ಬಿರುಕು, ಅದರ ಪಕ್ಕ ಕಪ್ಪು ಮಸಿಯಂಥ ಕಲೆ. ಕೀಬೋರ್ಡಿನ ಅಂಚಿನಲ್ಲಿ ಉಗುರಿನಷ್ಟು ಸಿಪ್ಪೆ ಕೂತಿತ್ತು. ಈ ತೆಳ್ಳನೆಯ ಯಂತ್ರಗಳಲ್ಲಿ ಪರದೆಗೂ ಕೀಬೋರ್ಡಿಗೂ ನಡುವೆ ಇರುವ ಜಾಗ ಅಷ್ಟು ಕಮ್ಮಿ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸುವವರೂ ಇದೇ ಕಾರಣಕ್ಕೆ ಹುಷಾರಾಗಿರಬೇಕು.

ವಾರಂಟಿ ಇತ್ತು. ಆದರೆ ವಾರಂಟಿ ನೋಡಿಕೊಳ್ಳುವುದು ತಯಾರಿಕೆಯ ದೋಷವನ್ನು, ನಮ್ಮ ಕೈತಪ್ಪನ್ನಲ್ಲ. ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಕೊಡಲು ಒಂದು ದಿನ ರಜೆ, ತರಲು ಒಂದು ದಿನ ರಜೆ. ನಡುವೆ ಹದಿನಾರು ದಿನ ಕಾದೆ. ಖರ್ಚು ಲ್ಯಾಪ್‌ಟಾಪಿನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಯಿತು.

ಅದಕ್ಕೇ ಹೇಳುತ್ತೇನೆ, ಬೆಲೆ ನೋಡುವಾಗ ಯಂತ್ರದ ಬೆಲೆ ಒಂದನ್ನೇ ನೋಡಬೇಡಿ. ಆಪಲ್‌ನಲ್ಲಿ ಆಪಲ್‌ಕೇರ್ ಪ್ಲಸ್, ಲೆನೊವೊ, ಡೆಲ್‌ಗಳಲ್ಲಿ ಆಕಸ್ಮಿಕ ಹಾನಿಯ ರಕ್ಷಣೆ ಅಂತ ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನೂ ಸೇರಿಸಿಯೇ ಬಜೆಟ್ ಹಾಕಿ. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ದುಬಾರಿ ಮಾದರಿಗಳಿಗೆ ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ಸೇವೆ ಕೊಳ್ಳಬಹುದು. ದುಡ್ಡು ಕಟ್ಟುವ ಮೊದಲು ನಿಮ್ಮ ಪಿನ್‌ಕೋಡ್ ಹೇಳಿ, ಇಲ್ಲಿಗೆ ಬರುತ್ತಾರಾ, ಎಷ್ಟು ದಿನದಲ್ಲಿ ಅಂತ ಕೇಳಿ. ತುಮಕೂರು ನಗರಕ್ಕೆ ಬರುವವರು ಮಧುಗಿರಿಗೋ ಕುಣಿಗಲ್‌ಗೋ ಬರುತ್ತಾರೆ ಅಂತ ಅಂದುಕೊಳ್ಳಬೇಡಿ. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಗೆಳೆಯರಿಗೂ ನಾನು ಇದನ್ನೇ ಹೇಳುವುದು.

ಅಕ್ಕ ತೆಗೆದುಕೊಂಡದ್ದು

ಎಕ್ಸ್1 ಕಾರ್ಬನ್ ಅಲ್ಲ. ಅದೇ ಥಿಂಕ್‌ಪ್ಯಾಡ್ ಮನೆಯ ಟಿ14. ಸ್ವಲ್ಪ ದಪ್ಪ, ಸ್ವಲ್ಪ ಭಾರ, ನೋಡಲು ಸಾದಾ. ಕೀಬೋರ್ಡ್ ಅಷ್ಟೇ ಚೆನ್ನಾಗಿದೆ, ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ ಕೂಡ ಇದೆ. 5ನೇ ಜೆನರೇಶನ್‌ನ ಇಂಟೆಲ್ ಮಾದರಿಯಲ್ಲಿ ಮೆಮೊರಿಗೆ ಎರಡು ಸ್ಲಾಟ್ ಇರುವುದರಿಂದ ಮುಂದೆ ಬೇಕಾದಾಗ ಹೆಚ್ಚಿಸಿಕೊಳ್ಳಬಹುದು. ವಾರಕ್ಕೊಮ್ಮೆ ಗುಬ್ಬಿಗೋ ಶಿರಾಕ್ಕೋ ಗ್ರಾಹಕರ ಹತ್ತಿರ ಒಯ್ಯುವಾಗ ತೂಕ ಸ್ವಲ್ಪ ಜಾಸ್ತಿ ಇರುತ್ತದೆ, ಅದನ್ನು ಹೊರುತ್ತೇನೆ ಅಂದಳು. ಉಳಿದ ದುಡ್ಡಿನಲ್ಲಿ ಮೂರು ವರ್ಷದ ಆನ್‌ಸೈಟ್ ಸೇವೆ, ರೂಟರ್‌ಗೂ ಸೇರಿ ಒಂದು ಯುಪಿಎಸ್ ಬಂತು.

ಅವಳ ಮಗಳು ಇಲ್ಲಿನ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಾಳೆ. "ಮಾಮ, ನನಗೂ ಏರ್ ಕೊಡಿಸಿ" ಅಂತ ಕೇಳಿದ್ದಳು. ಅವಳಿಗೆ ನಾನು ಬೇಡ ಅಂದೆ. ಸಾಲಿಡ್‌ವರ್ಕ್ಸ್‌ನಂಥ ವಿನ್ಯಾಸದ ತಂತ್ರಾಂಶ ವಿಂಡೋಸ್‌ನಲ್ಲೇ ಓಡುವುದು. ಅದಕ್ಕೆ ಬೇಕಿರುವುದು ಗ್ರಾಫಿಕ್ಸ್ ಕಾರ್ಡ್, ಒಳ್ಳೆಯ ಫ್ಯಾನ್. ಅದು ತೆಳ್ಳನೆಯ ದುಬಾರಿ ಲ್ಯಾಪ್‌ಟಾಪಿಗಿಂತ ಕಮ್ಮಿ ಬೆಲೆಯ ದಪ್ಪನೆಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲೇ ಚೆನ್ನಾಗಿ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್ ಓದುವವಳಾಗಿದ್ದರೆ ಏರ್‌ಗೆ ಒಪ್ಪುತ್ತಿದ್ದೆ.

ನಾನು ಮಾತ್ರ ಮತ್ತೆ ಕೊಂಡರೂ ಏರ್ ಕೊಳ್ಳುತ್ತೇನೆ. ನನ್ನ ದಿನ ರೈಲಿನಲ್ಲಿ ಕಳೆಯುತ್ತದೆ, ನನಗೆ ಬ್ಯಾಟರಿ ಮುಖ್ಯ. 2020ರ ಎಂ1 ಏರ್‌ಗೂ 2025ರ ಮ್ಯಾಕ್ಓಎಸ್, ಅಂದರೆ ಮ್ಯಾಕ್ ಓಡಿಸುವ ಮೂಲ ತಂತ್ರಾಂಶ, ಸಿಕ್ಕಿದೆ. ಬಹಳ ವರ್ಷ ಬಾಳುತ್ತದೆ ಅನ್ನುವ ನಂಬಿಕೆಯೂ ಇದೆ.

ದುಡ್ಡಿನ ಬಗ್ಗೆ ಅಕ್ಕ ಹೇಳಿದ ಒಂದು ವಿಷಯ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಪರ್ಸೆಂಟ್. 99,900 ರೂಪಾಯಿಯಲ್ಲಿ ಸುಮಾರು 15,239 ತೆರಿಗೆಯೇ. ನಿಮ್ಮ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಇದ್ದು, ತೆರಿಗೆ ಬರುವ ವ್ಯವಹಾರಕ್ಕೇ ಇದನ್ನು ಬಳಸುವುದಾದರೆ, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಆ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ಬಿಲ್ ಆದ ಮೇಲೆ ನಂಬರ್ ಸೇರಿಸಿ ಅಂತ ಓಡಾಡುವುದು ಕಷ್ಟ, ಮೊದಲೇ ಹೇಳಿ.

ಅಂಗಡಿಯಲ್ಲಿ ಡಬ್ಬ ಒಡೆಯುವಾಗ ಅಲ್ಲೇ ನಿಂತಿರಿ. ಡಬ್ಬದ ಮೇಲಿನ ಸೀರಿಯಲ್ ನಂಬರ್, ಯಂತ್ರದ ಮೇಲಿನದು, ಬಿಲ್ಲಿನದು, ಮೂರೂ ಒಂದೇ ಇದೆಯಾ ನೋಡಿ. ಆ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ಯಾವ ತಾರೀಕಿನಿಂದ ಶುರು ಅಂತ ನೋಡಿ. ತಿಂಗಳುಗಟ್ಟಲೆ ಗೋಡೌನ್‌ನಲ್ಲಿದ್ದ ಮಾಲಿಗೆ ವಾರಂಟಿ ಆಗಲೇ ಓಡುತ್ತಿರುವುದುಂಟು. ಹಾಗಿದ್ದರೆ ಬಿಲ್ ತೋರಿಸಿ ಕಂಪನಿಯವರಿಂದ ಸರಿಮಾಡಿಸಿಕೊಳ್ಳಿ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಚುಕ್ಕೆ ಇದೆಯಾ ಗಮನಿಸಿ. ಒಂದೊಂದು ಕೀಯನ್ನೂ ಒತ್ತಿ. ಅಕ್ಕ ತನ್ನ ಏಳು ಟೋಕನ್‌ಗಳನ್ನೂ ಅಂಗಡಿಗೇ ಒಯ್ದು, ಅಲ್ಲಿನ ಡೆಮೊ ಲ್ಯಾಪ್‌ಟಾಪಿನಲ್ಲಿ ಒಂದಾದ ಮೇಲೊಂದು ಚುಚ್ಚಿ ನೋಡಿದಳು. ಅಂಗಡಿಯ ಹುಡುಗ ತಾಳ್ಮೆಯಿಂದ ಮುಕ್ಕಾಲು ಗಂಟೆ ಪಕ್ಕದಲ್ಲೇ ನಿಂತಿದ್ದ. ಏಳನೆಯದೂ ಓಡಿದ ಮೇಲೆಯೇ ಅವಳು ಬಿಲ್ ಮಾಡಿ ಅಂದದ್ದು.